ವರ್ಷದಲ್ಲಿ ಇಡೀ ಬೈಬಲ್: ಎರಡು ಸುತ್ತು ಓದಿದ ಮೇಲೆ

ಮೊದಲ ಸಲ ನಾನು ಸೋತದ್ದು ಬೈಬಲಿನ ಮೂರನೇ ಪುಸ್ತಕ ಯಾಜಕಕಾಂಡದಲ್ಲಿ. ಜನವರಿ 1ಕ್ಕೆ ಆದಿಕಾಂಡ ಶುರು ಮಾಡಿ, ಹುರುಪಿನಲ್ಲಿ ವಿಮೋಚನಾಕಾಂಡವನ್ನೂ ದಾಟಿದ್ದೆ. ತಿಂಗಳ ಕೊನೆಗೆ ಬಲಿಗಳ ಲೆಕ್ಕ, ಕುಷ್ಠದ ಲಕ್ಷಣ ಬಂದವು, ಪುಸ್ತಕ ಮುಚ್ಚಿದೆ. ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಯಾಜಕರನ್ನು ಕರೆಸಿ ತೋರಿಸಬೇಕು ಅಂತ 14ನೇ ಅಧ್ಯಾಯದಲ್ಲಿದೆ. ನಮ್ಮ ಮಲೆನಾಡಿನ ಮನೆಗಾದರೆ ಫಾದರ್ ಇಡೀ ಮಳೆಗಾಲ ಇಲ್ಲೇ ಇರಬೇಕಾಗುತ್ತದೆ.

ಆಮೇಲೆ ಕಥೆಯ ಜಾಡು ಹಿಡಿದು ಹೋಗುವ ಪಟ್ಟಿ ಸಿಕ್ಕಿತು. ಅಮೆರಿಕದ ಫಾದರ್ ಮೈಕ್ ಶ್ಮಿಟ್ಸ್ 2021ರ ಜನವರಿಯಲ್ಲಿ ಶುರು ಮಾಡಿದ 365 ಕಂತಿನ ಪಾಡ್‌ಕಾಸ್ಟ್‌ನ ಕ್ರಮ ಅದು. ಅವರದು ಇಂಗ್ಲಿಷ್. ನಾನು ಕ್ರಮ ಮಾತ್ರ ತೆಗೆದುಕೊಂಡು ಕನ್ನಡದಲ್ಲಿ ಓದಿದೆ. ಯಾಜಕಕಾಂಡ ಇಲ್ಲೂ ತಪ್ಪುವುದಿಲ್ಲ, ಆದರೆ ವಿಮೋಚನಾಕಾಂಡದ ಜೊತೆ ತುತ್ತು ತುತ್ತಾಗಿ ಬರುತ್ತದೆ. ದಿನದ ಕೊನೆಗೆ ಒಂದು ಕೀರ್ತನೆ, ಇಲ್ಲವೇ ಜ್ಞಾನೋಕ್ತಿಗಳ ಒಂದಿಷ್ಟು ಸಾಲು. ಯೇಸುವಿಗಿಂತ ಮುಂಚಿನ ಭಾಗವಾದ ಹಳೆ ಒಡಂಬಡಿಕೆ ಮುಗಿಯುವ ಎಷ್ಟೋ ಮೊದಲೇ, ಯೇಸುವಿನ ಕಥೆ ಹೇಳುವ ಯೊವಾನ್ನರ ಶುಭಸಂದೇಶ ಬಂದುಬಿಡುತ್ತದೆ. ಬೇಸಿಗೆಯಲ್ಲಿ ಮಜ್ಜಿಗೆ ಸಿಕ್ಕ ಹಾಗೆ. ದಿನಕ್ಕೆ ಅರ್ಧ ಗಂಟೆ ಬೇಕು.

ಕೊಳ್ಳುವ ಮುಂಚೆ ಪರಿವಿಡಿ ಎಣಿಸಿ. ಕಥೋಲಿಕರಾದ ನಮ್ಮ ಬೈಬಲಿನಲ್ಲಿ 73 ಪುಸ್ತಕಗಳು. ಮನೆಯಲ್ಲಿದ್ದ ಹಳೆ ಪ್ರತಿ ಪ್ರೊಟೆಸ್ಟೆಂಟರದು, ಅದರಲ್ಲಿ 66 ಮಾತ್ರ ಇದ್ದವು, ನಾನು ನೋಡಿಯೇ ಇರಲಿಲ್ಲ. ತೋಬಿತನ ಪುಸ್ತಕ ಓದುವ ದಿನ ಬಂತು, ತೋಬಿತನೇ ಇಲ್ಲ! ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬೇರೆ ಪ್ರತಿ ತಂದೆ. ತಂದದ್ದು ಒಳ್ಳೆಯದಾಯಿತು. ಆ ಕಥೆಯಲ್ಲಿ ತೋಬಿತನ ಮಗ ದೂರದ ಊರಿಗೆ ಹೊರಟಾಗ ನಾಯಿಯೂ ಹಿಂದೆ ಹೋಗುತ್ತದೆ. ನಾಯಿಗೆ ಕಥೆಯಲ್ಲಿ ಏನೂ ಕೆಲಸವಿಲ್ಲ, ಸುಮ್ನೆ ಹೋಗುತ್ತದೆ.

ಕಷ್ಟಗಳೂ ಇವೆ. ಪೂರ್ವಕಾಲವೃತ್ತಾಂತದ ಮೊದಲ 9 ಅಧ್ಯಾಯ ಬರೀ ಹೆಸರುಗಳು. ಪ್ರವಾದಿಗಳಾದ ಯೆರೆಮೀಯ, ಯೆಜೆಕಿಯೇಲರ ಪುಸ್ತಕಗಳು ಒಟ್ಟೊಟ್ಟಿಗೆ ಬಂದಾಗ ಮನಸ್ಸು ಭಾರವಾಗುತ್ತದೆ. ಇನ್ನೊಂದು, ಬಾಕಿ. ಅಮ್ಮ ಆಸ್ಪತ್ರೆಯಲ್ಲಿದ್ದಾಗ 11 ದಿನ ತಪ್ಪಿತು. ತೀರಿಸಲು ರಾತ್ರಿ ಎಂಟು ಹತ್ತು ಅಧ್ಯಾಯ ಓಡಿಸಿದೆ. ಬೆಳಗ್ಗೆ ಒಂದೂ ನೆನಪಿಲ್ಲ. ಎರಡನೇ ವರ್ಷ ತಪ್ಪಿದ್ದನ್ನು ಬಿಟ್ಟು ಆ ದಿನದ ತಾರೀಖಿಗೇ ಹಾರಿದೆ. ಬಿಟ್ಟದ್ದು ಮುಂದಿನ ಸುತ್ತಿನಲ್ಲಿ ಸಿಗುತ್ತದೆ, ಅಲ್ವಾ?

ಲಾಭ ಕಂಡದ್ದು ಪೂಜೆಯಲ್ಲಿ. ಭಾನುವಾರದ ವಾಚನಗಳು, ಅಂದರೆ ಪೂಜೆಯಲ್ಲಿ ಓದುವ ಬೈಬಲ್ ಭಾಗಗಳು, 3 ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ, ಆದರೂ ಹಳೆ ಒಡಂಬಡಿಕೆಯ ಬಹುಪಾಲು ಅದರಲ್ಲಿ ಬರುವುದೇ ಇಲ್ಲ. ಸಾಮಾನ್ಯವಾಗಿ ಹಳೆ ಒಡಂಬಡಿಕೆಯಿಂದ ಬರುವ ಮೊದಲನೇ ವಾಚನ ನನಗೆ ನಡುವೆ ಹಾಕಿದ ಧಾರಾವಾಹಿಯ ಹಾಗೆ ಕೇಳುತ್ತಿತ್ತು. ಈಗ ಅದಕ್ಕೆ ಹಿಂದೆ ಏನಾಯಿತು ಅಂತ ಗೊತ್ತಿರುತ್ತದೆ.

ನವೆಂಬರ್‌ಗೆ ಸ್ವಲ್ಪ ಮುಂಚೆ ಮಕ್ಕಬಿಯರ ಎರಡನೇ ಪುಸ್ತಕ ಬಂತು. 12ನೇ ಅಧ್ಯಾಯದಲ್ಲಿ ಯೆಹೂದ್ಯರ ಸೇನಾಪತಿ ಯೂದ ಯುದ್ಧದಲ್ಲಿ ಸತ್ತ ತನ್ನವರಿಗಾಗಿ ಪ್ರಾರ್ಥಿಸಿ, ಬೆಳ್ಳಿ ಕೂಡಿಸಿ ಜೆರುಸಲೇಮಿಗೆ ಬಲಿಗೆಂದು ಕಳಿಸುತ್ತಾನೆ. ನವೆಂಬರ್ ನಮಗೆ ಸತ್ತವರನ್ನು ನೆನೆಯುವ ತಿಂಗಳು; ತೀರಿಕೊಂಡ ಅಪ್ಪನ ಹೆಸರಿಗೆ ಪ್ರತಿ ನವೆಂಬರ್ ಚರ್ಚಿನಲ್ಲಿ ಪೂಜೆ ಬರೆಸುತ್ತಿದ್ದೆ, ಅಮ್ಮ ಹೇಳಿದಳು ಅಂತ. ಅಂದು ರಾತ್ರಿ ಅಮ್ಮನಿಗೆ ಆ ಅಧ್ಯಾಯ ಜೋರಾಗಿ ಓದಿ ಹೇಳಿದೆ. ಅವಳು ಇನ್ನೊಂದು ಸಲ ಓದು ಅಂದಳು.