ಹಾಟ್ ಟಬ್‌ಗೆ ಯಾವ ಲೈನ್: 16 ಆಂಪ್ ಪ್ಲಗ್ಗೋ, 32 ಆಂಪೋ, ತ್ರೀ ಫೇಸೋ?

ಸಕಲೇಶಪುರದ ಹೋಂಸ್ಟೇಗೆ ಬಿಸಿನೀರಿನಲ್ಲಿ ಕೂರುವ 1,200 ಲೀಟರಿನ ಟಬ್ ತರಿಸುವ ಮೊದಲೇ ವೈರಿಂಗ್ ಬಗ್ಗೆ ಕೇಳಿದಿರಿ, ಒಳ್ಳೆಯದಾಯಿತು.

ಮೊದಲು ಸಮಯ. ಅಷ್ಟು ನೀರನ್ನು 20 ಡಿಗ್ರಿಯಿಂದ 38ಕ್ಕೆ ಏರಿಸಲು ಸುಮಾರು 25 ಯೂನಿಟ್ ಬೇಕು; ಲೈನ್ ಯಾವುದಾದರೂ ಇದು ಅಷ್ಟೇ. ಪ್ಲಗ್ಗಿನ 2 ಕಿಲೋವ್ಯಾಟ್ ಹೀಟರ್‌ಗೆ ಹನ್ನೆರಡು ಗಂಟೆ ದಾಟುತ್ತದೆ. 32 ಆಂಪಿನ ಪ್ರತ್ಯೇಕ ಲೈನಿನಲ್ಲಿ 3 ಕಿಲೋವ್ಯಾಟಿಗೆ ಎಂಟೂವರೆ, ತ್ರೀ ಫೇಸಿನ 6 ಕಿಲೋವ್ಯಾಟಿಗೆ ನಾಲ್ಕು ಚಿಲ್ಲರೆ. ಇದೂ ಕಾಗದದ ಲೆಕ್ಕವೇ. ಸಂಜೆ ವೋಲ್ಟೇಜ್ 230ರಿಂದ 180ಕ್ಕೆ ಬಿದ್ದರೆ ಆ 3 ಕಿಲೋವ್ಯಾಟ್ ಹೀಟರ್ ಕೊಡುವುದು ಬರೀ 1.8.

ಖರ್ಚಿನಲ್ಲಿ ಪ್ಲಗ್ ಅಗ್ಗ, 2.5 ಚದರ ಮಿ.ಮೀ. ತಾಮ್ರದ ವೈರ್ ಸಾಕು. 32 ಆಂಪಿಗೆ 6 ಚದರ ಮಿ.ಮೀ., ಬೋರ್ಡಿನಿಂದ ಟಬ್ ದೂರವಿದ್ದರೆ ಇನ್ನೂ ದಪ್ಪ. ತ್ರೀ ಫೇಸ್ ಇಲ್ಲದ ಮನೆಗೆ ಮೀಟರೂ ಬದಲಾಗಬೇಕು, ಮಂಜೂರಾದ ಲೋಡೂ ಏರಬೇಕು. ತಿಂಗಳ ಸ್ಥಿರ ಶುಲ್ಕ ಅದರ ಹಿಂದೆಯೇ ಬರುತ್ತದೆ.

ಸುರಕ್ಷತೆಯಲ್ಲಿ ಚೌಕಾಸಿ ಬೇಡ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್), ಗಟ್ಟಿ ಅರ್ಥಿಂಗ್, ನೀರಿನಲ್ಲಿ ಕೂತವರ ಕೈಗೆ ಎಟುಕದ ಸ್ವಿಚ್ ಮೂರೂ ಬಗೆಯ ಲೈನಿಗೆ ಬೇಕು. ‘ಎಂಸಿಬಿ ಇದೆಯಲ್ಲ ಸಾರ್’ ಎನ್ನುವ ಎಲೆಕ್ಟ್ರಿಷಿಯನ್‌ನನ್ನು ಬದಲಿಸಿ. ಎಂಸಿಬಿ ಎಂದರೆ ಲೋಡ್ ಮೀರಿದಾಗ ಬೀಳುವ ಬ್ರೇಕರ್; ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ.

ವಾರಾಂತ್ಯಕ್ಕೆ ಮನೆಯವರಷ್ಟೇ ಇಳಿಯುವುದಾದರೆ, ಹಿಂದಿನ ರಾತ್ರಿಯೇ ಹಚ್ಚುವ ತಾಳ್ಮೆಯಿದ್ದರೆ, ಪ್ಲಗ್ ಸಾಕು. ದಿನಾ ಅತಿಥಿಗಳಿದ್ದರೆ 32 ಆಂಪ್. ಪ್ರತಿ ತಂಡಕ್ಕೂ ನೀರು ಬದಲಿಸುವವರಿಗೆ, ಅಥವಾ ಈಗಾಗಲೇ ತ್ರೀ ಫೇಸ್ ಇರುವವರಿಗೆ ಮೂರನೆಯದು. ತೋಟದ ಪಂಪ್‌ಸೆಟ್ ಕನೆಕ್ಷನ್‌ನಿಂದ ಎಳೆಯುವ ಯೋಚನೆ ಮಾತ್ರ ಬಿಡಿ, ಅದರ ದರವೇ ಬೇರೆ.