ಡರ್ಮಾಯ್ಡ್ ಗಡ್ಡೆಗೆ ಎರಡನೇ ಅಭಿಪ್ರಾಯ: ಸೇವೆ ಹೇಗಿತ್ತು?

ಅಕ್ಕನ ಅಂಡಾಶಯದಲ್ಲಿ ಡರ್ಮಾಯ್ಡ್ ಸಿಸ್ಟ್ ಇರುವುದು ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ. ಆದರೆ ಮುಟ್ಟು ನಿಂತ ಮೇಲೂ ಅದು ಬೆಳೆಯುತ್ತ ಹೋಗಿ 10 ಸೆಂ.ಮೀ. ದಾಟಿದ್ದರಿಂದ, ಆಸ್ಪತ್ರೆಯೊಂದರ ಸ್ತ್ರೀರೋಗ ಕ್ಯಾನ್ಸರ್ ವಿಭಾಗದಲ್ಲಿ ಎರಡನೇ ಅಭಿಪ್ರಾಯ ಪಡೆದು, ಶಸ್ತ್ರಚಿಕಿತ್ಸೆಯನ್ನೂ ಅಲ್ಲಿಯೇ ಮಾಡಿಸಿದೆವು.

ಈ ಸೇವೆಯಲ್ಲಿ ನನಗೆ ಹಿಡಿಸಿದ್ದು, ವೈದ್ಯೆ ಅಪಾಯವನ್ನು ಹಿಗ್ಗಿಸದೆ, ಕುಗ್ಗಿಸದೆ ತಿಳಿಸಿದ ಬಗೆ. ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲನ್ನೂ ಒಳಗೊಳ್ಳುವ ಈ ಗಡ್ಡೆಗಳಲ್ಲಿ ಕ್ಯಾನ್ಸರ್‌ಗೆ ತಿರುಗುವಂಥವು 100ಕ್ಕೆ ಒಂದೆರಡು ಮಾತ್ರ, ಅವುಗಳಲ್ಲಿ ಹೆಚ್ಚಿನವು ಒಳಗಿನ ಚರ್ಮದಂಥ ಪದರದಿಂದ ಹುಟ್ಟುವ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ಎಂದರು. ವಯಸ್ಸು, ಗಾತ್ರ, ಬೆಳವಣಿಗೆಯ ವೇಗ ಇವು ಅನುಮಾನ ಹುಟ್ಟಿಸುತ್ತವೆಯೇ ಹೊರತು ರೋಗವನ್ನು ಖಚಿತಪಡಿಸುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿದರು. ಬಳಿಕ ಎಂಆರ್‌ಐ ಚಿತ್ರವನ್ನು ಪರದೆಯ ಮೇಲೆ ತೆರೆದು, ಗಡ್ಡೆಯ ಗೋಡೆಯಿಂದ ಒಳಕ್ಕೆ ಚಾಚಿದ ಗಂಟೊಂದನ್ನು ಬೆರಳಿಟ್ಟು ತೋರಿಸಿದರು. ಅಂಥ ಗಂಟು ನಿರಪಾಯದ ಡರ್ಮಾಯ್ಡ್‌ಗಳಲ್ಲೂ ಸಾಮಾನ್ಯವಂತೆ. ಸ್ಕ್ಯಾನ್‌ನಲ್ಲಿ ಭಾಗಗಳು ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಔಷಧಿ ಕೊಟ್ಟಾಗ ಅದು ಎದ್ದು ಕಾಣುತ್ತದೆಯೇ, ಗೋಡೆಯನ್ನು ದಾಟಿ ಪಕ್ಕದ ಅಂಗಕ್ಕೆ ಹಬ್ಬಿದೆಯೇ ಎಂಬುದನ್ನು ನೋಡಬೇಕಂತೆ. ಬರೀ ರಿಪೋರ್ಟ್ ಓದಿದ್ದರೆ ನಮಗೆ ಇದು ಹೊಳೆಯುತ್ತಲೇ ಇರಲಿಲ್ಲ.

ಗಡ್ಡೆಯನ್ನು ಒಡೆಯದಂತೆ ಇಡಿಯಾಗಿ ತೆಗೆಯಲು ಏಕೆ ಅಷ್ಟು ಎಚ್ಚರ ಬೇಕು ಎಂಬುದನ್ನೂ ವಿವರಿಸಿದರು. ಅಂಡಾಶಯಕ್ಕಷ್ಟೇ ಸೀಮಿತವಾಗಿ 1ಎ ಹಂತದಲ್ಲಿದ್ದ ಕ್ಯಾನ್ಸರ್, ಶಸ್ತ್ರಚಿಕಿತ್ಸೆಯ ವೇಳೆ ಗಡ್ಡೆ ಒಡೆದರೆ ಅದಕ್ಕಿಂತ ಮೇಲಿನ 1ಸಿ ಹಂತದ್ದು ಆಗಿಬಿಡುತ್ತದೆ. ತೆಗೆದದ್ದು ಚೆನ್ನಾಗಿಯೇ ಆಯಿತು. ಕೊನೆಯ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು.

ಕೊರತೆಗಳೂ ಇವೆ. ಅಂಡಾಶಯದ ಕ್ಯಾನ್ಸರ್‌ನ ಸುಳಿವಿಗಾಗಿ ಮಾಡುವ ಸಿಎ-125 ರಕ್ತಪರೀಕ್ಷೆಯ ಫಲಿತಾಂಶ ಯಾರ ವಿವರಣೆಯೂ ಇಲ್ಲದೆ, ಕೆಂಪಕ್ಷರದಲ್ಲಿ 'ಹೆಚ್ಚು' ಎಂಬ ಗುರುತಿನೊಡನೆ ನೇರವಾಗಿ ಅಕ್ಕನ ಮೊಬೈಲಿಗೆ ಬಂತು. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ), ಸೋಂಕು ಮುಂತಾದ ಕಾರಣಗಳಿಂದಲೂ ಅದು ಏರಬಹುದು, ಡರ್ಮಾಯ್ಡ್ ಕ್ಯಾನ್ಸರ್ ಆಗಿದ್ದಾಗಲೂ ಸಹಜ ಮಟ್ಟದಲ್ಲಿಯೇ ಇರಬಹುದು ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಿದ್ದರೆ ಅವಳು ಆ ರಾತ್ರಿ ನಿದ್ದೆಗೆಡುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ನಡುವೆ, ತೆಗೆದ ತುಣುಕನ್ನು ಹೆಪ್ಪುಗಟ್ಟಿಸಿ ಬೇಗನೆ ನೋಡುವ ಫ್ರೋಜನ್ ಸೆಕ್ಷನ್ ಪರೀಕ್ಷೆಯ ಮಿತಿಯನ್ನೂ ಮೊದಲೇ ತಿಳಿಸಬೇಕಿತ್ತು. ದೊಡ್ಡ ಗಡ್ಡೆಯ ಕೆಲವೇ ತುಣುಕುಗಳನ್ನು ಆಗ ನೋಡುವುದರಿಂದ, ಕ್ಯಾನ್ಸರ್ ಇರುವ ಭಾಗವೇ ತಪ್ಪಿಹೋಗುವ ಸಾಧ್ಯತೆ ಇರುತ್ತದೆ. ಅದನ್ನು ಅರಿಯದ ನಾವು ಅಂದು ಬಂದ ಉತ್ತರವನ್ನೇ ಅಂತಿಮವೆಂದುಕೊಂಡು, ಬಯಾಪ್ಸಿ ಏಕೆ ತಡವಾಗುತ್ತಿದೆ ಎಂದು ಸುಮ್ಮನೆ ಕಂಗಾಲಾದೆವು.

ಚಿಕ್ಕ ವಯಸ್ಸಿನವರಲ್ಲಿ, ಸಣ್ಣದಾಗಿಯೂ ಬದಲಾಗದೆಯೂ ಉಳಿದ ಡರ್ಮಾಯ್ಡ್‌ಗೆ ಈ ವಿಭಾಗದವರೆಗೆ ಹೋಗುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಸ್ತ್ರೀರೋಗ ತಜ್ಞರ ನಿಗಾ ಸಾಕಾಗಬಹುದು. ಮುಟ್ಟು ನಿಂತ ಮೇಲೆ ಗಡ್ಡೆ ಬೆಳೆಯುತ್ತಿದ್ದರೆ ಮಾತ್ರ ನಾನು ಇಂಥದ್ದೇ ವಿಭಾಗವನ್ನು ಹುಡುಕಿಕೊಂಡು ಹೋಗಿ ಎನ್ನುತ್ತೇನೆ, ಹಳೆಯ ಸ್ಕ್ಯಾನ್ ಚಿತ್ರಗಳನ್ನೆಲ್ಲ ಜೊತೆಗೆ ಒಯ್ಯಿರಿ.