ಓದಿನ ಜತೆ ದುಡಿಮೆ: ಅಡಿಕೆ ಸುಲಿತವೋ, ಝೆರಾಕ್ಸ್ ಅಂಗಡಿಯೋ, ಮನೆಪಾಠವೋ

ಶಿರಸಿ ಸೀಮೆಯ ಹೈಸ್ಕೂಲು, ಪಿಯು ಮಕ್ಕಳಿಗೆ ಸುಲಭವಾಗಿ ಸಿಗುವ ಕೆಲಸ ಈ ಮೂರು. ಮೂರನ್ನೂ ಮಾಡಿ ನೋಡಿದವರಾಗಿ ಹೇಳುವುದಾದರೆ, ಎಷ್ಟು ಕೊಡುತ್ತೀರಿ ಎಂದು ಕೇಳುವ ಮೊದಲು ಯಾವ ತಿಂಗಳು ಕೆಲಸ, ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂದು ಕೇಳಬೇಕು.

14 ತುಂಬದವರನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯ ಕೆಲಸಕ್ಕೆ ಕೈಜೋಡಿಸಬಹುದು, ಅಷ್ಟೇ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ, ಸಂಜೆ 7ರಿಂದ ಬೆಳಿಗ್ಗೆ 8ರ ನಡುವೆ ದುಡಿಸುವಂತಿಲ್ಲ. ಗೋಕರ್ಣದ ಹೋಟೆಲುಗಳಿಗೆ ಜನ ಬೇಕಾಗುವುದೇ ರಾತ್ರಿ ಊಟದ ಹೊತ್ತಿಗೆ, ಹಾಗಾಗಿ ಅದನ್ನು ಬಿಟ್ಟುಬಿಡಿ. ಗೇರುಬೀಜ ಒಡೆಯುವ ಕೆಲಸವೂ ಬೇಡ. ಸಿಪ್ಪೆಯ ಎಣ್ಣೆ ತಾಗಿದಲ್ಲಿ ಚರ್ಮ ಸುಡುತ್ತದೆ.

ಅಡಿಕೆ ಸುಲಿತದಲ್ಲಿ ಎರಡು ಬಗೆ. ಕೆಂಪಡಿಕೆಗೆ ಹಸಿಕಾಯಿ ಸುಲಿಯುವುದು ಅಡಿಕೆ ಗೊನೆ ಕೊಯ್ಯುವ ಕಾಲಕ್ಕೆ. ಕೊಯ್ದದ್ದನ್ನು ಇಟ್ಟುಕೊಂಡು ಕೂರುವಂತಿಲ್ಲ, ಬೇಗ ಸುಲಿದು ಬೇಯಿಸಬೇಕು. ಅದಕ್ಕೇ ರಾತ್ರಿಯವರೆಗೂ ಸುಲಿತ. ಎಸ್ಸೆಸ್ಸೆಲ್ಸಿ ತಯಾರಿಯೂ ಆಗಲೇ. ಚಾಲಿ, ಅಂದರೆ ಒಣಗಿಸಿ ಸುಲಿದ ಹಣ್ಣಡಿಕೆ, ಹಾಗಲ್ಲ. ಹಣ್ಣಡಿಕೆ ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿ ಸುಲಿತಕ್ಕೆ ಬರುವಷ್ಟರಲ್ಲಿ ಬೇಸಿಗೆ ರಜೆ. ಕಿವಿಯ ಹತ್ತಿರ ಅಲುಗಾಡಿಸಿ: ಒಳಗೆ ಗಡಗಡ ಎಂದರೆ ಒಣಗಿದೆ. ಅರೆ ಒಣಗಿದ್ದರೆ ಸಿಪ್ಪೆ ಬಿಡದೆ ಕತ್ತಿ ಜಾರಿ ಹೆಬ್ಬೆರಳಿಗೆ ಬರುತ್ತದೆ. ಅಡಿಕೆಯ ಮೈಗೆ ಗೀರು ಬಿದ್ದರೆ ದರ ಇಳಿಯುತ್ತದೆ, ಯಜಮಾನರ ಬೈಗುಳವೂ ಖಾತ್ರಿ. ಕೂಲಿ ತೂಕದ ಮೇಲೆ. ಕೋಕಾ (ಕೆಳದರ್ಜೆಯ) ಅಡಿಕೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಕೈ ಪಳಗುವವರೆಗೆ ಸಂಪಾದನೆ ತೀರಾ ಕಡಿಮೆ.

ಝೆರಾಕ್ಸ್ ಅಂಗಡಿಯಲ್ಲಿ ಸಂಬಳ ದೊಡ್ಡದಲ್ಲ, ಕಲಿಯುವುದು ಮಾತ್ರ ಬಹಳ. ಪಾಸ್‌ಪೋರ್ಟ್ ಫೋಟೊ 3.5 × 4.5 ಸೆಂಟಿಮೀಟರ್, 4 × 6 ಇಂಚಿನ ಹಾಳೆಯನ್ನು ಅಡ್ಡ ಇಟ್ಟರೆ ಸಾಲಿಗೆ ನಾಲ್ಕರಂತೆ ಎಂಟು ಕೂರುತ್ತವೆ. ಪ್ರಿಂಟರ್ ಹಾಳೆಗೆ ಹೊಂದಿಸಿಕೊಳ್ಳಲು ತಾನೇ ಅಳತೆ ಕುಗ್ಗಿಸುತ್ತದೆ, ಅದಕ್ಕೆ ಸ್ಕೇಲ್ 100ಕ್ಕೇ ಇರಲಿ. ಇಲ್ಲದಿದ್ದರೆ ಫೋಟೊ ಸಣ್ಣದಾಗಿ ಅರ್ಜಿ ವಾಪಸು ಬರುತ್ತದೆ. ಗಿರಾಕಿಯ ಆಧಾರ್ ಪ್ರತಿಯನ್ನು ಕೆಲಸ ಮುಗಿದ ಕೂಡಲೇ ಕಂಪ್ಯೂಟರಿನಿಂದ ಅಳಿಸಿ, ಅವರ ಒಟಿಪಿಯನ್ನು ಅವರಿಂದಲೇ ಒತ್ತಿಸಿ. ಡ್ರಾಯರಿನ ಚಿಲ್ಲರೆಯನ್ನು ಬಂದ ಕೂಡಲೇ ಮಾಲೀಕರೆದುರು ಎಣಿಸಿಕೊಳ್ಳಿ. ಸಂಜೆ ಕಡಿಮೆ ಬಿದ್ದರೆ ಸಂಬಳದಲ್ಲಿ ಹಿಡಿಯುವುದು ನಿಮ್ಮದನ್ನೇ. ಜೂನ್‌ನಲ್ಲಿ ಪ್ರವೇಶದ ಗದ್ದಲ, ಆಗ ಏಳಕ್ಕೆ ಬಿಡಲು ಮನಸ್ಸು ಮಾಡುವುದಿಲ್ಲ. ಊರಿನ ಕೊನೆಯ ಬಸ್ಸಿನ ಹೊತ್ತನ್ನು ಸೇರುವ ದಿನವೇ ಹೇಳಿಬಿಡಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ, ಹಾಗಾಗಿ ಬಸ್ ಖರ್ಚು ಸಂಬಳವನ್ನು ತಿನ್ನುವುದಿಲ್ಲ.

ಮನೆಪಾಠಕ್ಕೆ ಮೂರು–ನಾಲ್ಕನೇ ತರಗತಿಯ ಮಕ್ಕಳು ನಾಲ್ವರು ಸಾಕು, ಐದರಿಂದ ಆರು ಗಂಟೆ. ಬೇರೆ ಬೇರೆ ತರಗತಿಯವರನ್ನು ಸೇರಿಸಿಕೊಂಡರೆ ಒಬ್ಬರಿಗೆ ಮಗ್ಗಿ ಹೇಳಿಸುವಾಗ ಉಳಿದವರು ಸುಮ್ಮನೆ ಕೂರುತ್ತಾರೆ. ಫೀ ತಿಂಗಳ ಮೊದಲ ವಾರವೇ ಕೇಳಿ; ನೆರೆಮನೆಯವರೆಂದು ಸಂಕೋಚಪಟ್ಟರೆ ಎರಡು ತಿಂಗಳು ಹಾಗೇ ದಾಟುತ್ತದೆ. ನಿಮ್ಮ ಪರೀಕ್ಷೆಯ ವಾರ ಪಾಠ ಇಲ್ಲವೆಂದು ಅಮ್ಮಂದಿರಿಗೆ ಮುಂಚೆಯೇ ತಿಳಿಸಿಡಿ.

ಒಂಬತ್ತನೇ ತರಗತಿಯವರಿಗೆ ನಮ್ಮ ಆಯ್ಕೆ ಮನೆಪಾಠ, ರಜೆಯಲ್ಲಿ ಬೇಕಿದ್ದರೆ ಹಗಲು ಹೊತ್ತಿನ ಚಾಲಿ ಸುಲಿತ. ಝೆರಾಕ್ಸ್ ಅಂಗಡಿ ಪ್ರಥಮ ಪಿಯುಸಿಗೆ ಸರಿ. ಹತ್ತರಲ್ಲಿರುವವರು ಡಿಸೆಂಬರ್‌ಗೆ ಎಲ್ಲವನ್ನೂ ನಿಲ್ಲಿಸಬೇಕು.